ಹುಸೇನಬಿಯ ತೋಟದಲ್ಲಿ ಕಲಿತ ಇಂಗ್ಲಿಷು

ಶಾವಂತಿಗೆಯ ಎಲೆಯನ್ನು ಎರಡು ಬೆರಳಿನ ನಡುವೆ ತಿಕ್ಕಿದರೆ ಒಂದು ಕಹಿ ವಾಸನೆ ಬರುತ್ತದೆ. ಹೂವಿನದಲ್ಲ, ಎಲೆಯದು. ಕೈ ತೊಳೆದರೂ ಸಂಜೆಯವರೆಗೆ ಬಿಡುವುದಿಲ್ಲ. ಹೋದ ತಿಂಗಳು ಬಬಲೇಶ್ವರದಲ್ಲಿ ತಂಗಿಯ ಮಗಳ ಮನೆಯ ವಾಸ್ತುಶಾಂತಿ ಮುಗಿಸಿಕೊಂಡು ಟಿಕೋಟಾದ ಮೇಲೆ ಹಾದು ವಿಜಯಪುರಕ್ಕೆ ಬರುತ್ತಿದ್ದೆವು. ಗಾಡಿಯವನು ಚಹಾಕ್ಕೆಂದು ನಿಲ್ಲಿಸಿದ. ರಸ್ತೆಯ ಪಕ್ಕ ಯಾರೋ ಹೂ ಮುಗಿದ ಗಿಡಗಳನ್ನು ಕಿತ್ತು ರಾಶಿ ಹಾಕಿದ್ದರು. ಅದೇ ವಾಸನೆ. ನಾನು ಚಹಾ ಬಿಟ್ಟು ಆ ರಾಶಿಯ ಹತ್ತಿರ ಹೋಗಿ ಒಂದು ಎಲೆ ಹರಿದು ತಿಕ್ಕಿ ಮೂಗಿಗೆ ಹಿಡಿದುಕೊಂಡು ನಿಂತೆ. ಅಕ್ಕನಿಗೆ ವಯಸ್ಸಾಯಿತು ಅಂತ ತಂಗಿ ಗಾಡಿಯವನಿಗೆ ಹೇಳಿದ್ದು ನನಗೆ ಕೇಳಿಸಿತು.

ವಯಸ್ಸಾಗಿದ್ದು ನಿಜ. ಆದರೆ ಆ ಹೊತ್ತಿನಲ್ಲಿ ನನಗೆ ಬಂದದ್ದು ಮರವೆಯಲ್ಲ, ಜಂಬ. ಮೂವತ್ತು ವರ್ಷದ ಮೇಲೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಇಷ್ಟು ಚಲೋ ಇಂಗ್ಲಿಷ್ ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು ಕೇಳಿದವರಿಗೆಲ್ಲ ಟಿಕೋಟಾದ ಒಂದು ಹೂವಿನ ತೋಟದಲ್ಲಿ ಎಂದು ಹೇಳುತ್ತ ಬಂದಿದ್ದೇನೆ. ಚೇಷ್ಟೆ ಮಾಡುತ್ತಾಳೆ ಎಂದು ನಗುತ್ತಾರೆ. ನಗಲಿ. ನಾನು ಹೇಳುವುದು ಸುಳ್ಳಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಬರ ದಾಟಿ ಎರಡು-ಮೂರು ವರ್ಷವಾಗಿ ಬಾವಿಗಳಲ್ಲಿ ಮತ್ತೆ ನೀರು ನಿಂತಿತ್ತು. ವಿಜಯಪುರ ಆಗ ನಮ್ಮೆಲ್ಲರ ಬಾಯಲ್ಲಿ ವಿಜಾಪುರ. ನಮ್ಮ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ಆ ಓಣಿಯಿಂದ ಪಗಾರದ ಕೆಲಸಕ್ಕೆ ಹೊರಬಿದ್ದ ಮೊದಲ ಹುಡುಗಿ ನಾನು. ಟಿಕೋಟಾದ ಸಾಲೆಗೆ ಹಂಗಾಮಿ ಶಿಕ್ಷಕಿ ಎಂದು ಆದೇಶ ಬಂದ ದಿನ ಅಪ್ಪ ಹೊಲಿಗೆ ಮಷೀನು ನಿಲ್ಲಿಸಿ ಆ ಕಾಗದವನ್ನು ಓಣಿಯ ನಾಲ್ಕು ಮನೆಗೆ ತೋರಿಸಿಕೊಂಡು ಬಂದಿದ್ದರು. ಹಂಗಾಮಿ ಎಂದರೆ ಆ ಒಂದು ವರ್ಷದ ಮಟ್ಟಿಗೆ. ಮುಂದಿನ ವರ್ಷ ಇಟ್ಟುಕೊಳ್ಳುವುದು ಬಿಡುವುದು ತಪಾಸಣೆಗೆ ಬರುವ ಸಾಹೇಬರು ಬರೆಯುವ ಷರಾದ ಮೇಲೆ. ಅಪ್ಪ ಅದನ್ನು ಓಣಿಯಲ್ಲಿ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಟಿಕೋಟಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ಬೆಳಗಿನ ಸಾಲೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದು, ಸೋಮವಾರ ನಸುಕಿಗೆ ಹಿಂದಿರುಗುತ್ತಿದ್ದೆ. ಹೆಡ್‌ಮಾಸ್ತರರು ಸಜ್ಜನರು, ಆದರೆ ಇಂಗ್ಲಿಷ್ ಎಂದರೆ ಕೈ ಮುಗಿಯುವವರು. ಚಿಕ್ಕವಳು, ಹೊಸದಾಗಿ ಓದಿಕೊಂಡು ಬಂದವಳು ಎಂದು ಆರು ಮತ್ತು ಏಳನೆಯ ಇಯತ್ತೆಯ ಇಂಗ್ಲಿಷನ್ನು ಪೂರಾ ನನ್ನ ತಲೆಗೆ ಕಟ್ಟಿದರು. ನನ್ನ ಇಂಗ್ಲಿಷಿನ ಬಂಡವಾಳ ನನಗೆ ಮಾತ್ರ ಗೊತ್ತಿತ್ತು. ಗೈಡು ಬಾಯಿಪಾಠ ಮಾಡಿ ಪಾಸಾದವಳು. ಒಂದು ಪುಟದ ಪ್ರಬಂಧ ತಡವರಿಸದೆ ಬರೆಯುತ್ತಿದ್ದೆ, ಆದರೆ ಅಡಿಗೆಮನೆಯ ಇಕ್ಕಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು.

ಶ್ರಾವಣದಲ್ಲಿ ಸಾಹೇಬರು ಬಂದರು. ಎತ್ತರದ ಆಳು, ಬಿಳಿ ಶರ್ಟು, ಕಿಸೆಯಲ್ಲಿ ಎರಡು ಪೆನ್ನು. ಏಳನೆಯ ಇಯತ್ತೆಯ ಮಕ್ಕಳು ಎದ್ದು ನಿಂತು ಒಂದೇ ದನಿಯಲ್ಲಿ ಪುಸ್ತಕದ ಮೂರನೆಯ ಪಾಠ ಒಪ್ಪಿಸಿದರು. ಸಾಹೇಬರು ಕೇಳಿ, ಕಿಟಕಿಯ ಹೊರಗೆ ಮೇಯುತ್ತಿದ್ದ ಆಡನ್ನು ತೋರಿಸಿ ಅದೇನು, ಅದು ಏನು ಮಾಡುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಾಠದಲ್ಲಿ ಆಡು ಇರಲಿಲ್ಲ. ಮಕ್ಕಳು ನನ್ನ ಮುಖ ನೋಡಿದರು. ಸಾಹೇಬರು ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಭೇಟಿ ಪುಸ್ತಕದಲ್ಲಿ ಎರಡು ಸಾಲು ಬರೆದರು. ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ, ಬರೀ ಕಂಠಪಾಠ. ದೀಪಾವಳಿಯ ನಂತರ ಮತ್ತೆ ನೋಡಿ ಶಿಕ್ಷಕಿಯ ವಿಷಯ ತೀರ್ಮಾನಿಸಲಾಗುವುದು. ನನ್ನ ಓಣಿಯ ನಾಲ್ಕು ಮನೆಗಳು ಕಣ್ಣ ಮುಂದೆ ಬಂದವು.

ಆ ಮೇಲಿನ ದಿನಗಳಲ್ಲಿ ನಾನು ಮಾಡಿದ್ದೇನು? ಇನ್ನಷ್ಟು ಕಂಠಪಾಠ. ಗುಲಾಬಿ ಕೆಂಪಗಿದೆ, ಕಮಲ ಚೆಂದಾಗಿದೆ ಎಂದು ಇಂಗ್ಲಿಷಿನಲ್ಲಿ ಕೂಗಿ ಕೂಗಿ ಮಕ್ಕಳ ಗಂಟಲು ಕಟ್ಟಿತು. ಕಮಲವನ್ನು ಅವರಲ್ಲಿ ಒಬ್ಬರೂ ನೋಡಿರಲಿಲ್ಲ.

ಜೈನಬ ಎಂಬ ಹುಡುಗಿ ಏಳನೆಯ ಇಯತ್ತೆಯಲ್ಲಿದ್ದಳು. ಊರ ಹೊರಗೆ ಬಬಲೇಶ್ವರದ ದಾರಿಯಲ್ಲಿ ಅವಳ ಅಜ್ಜಿ ಹುಸೇನಬಿಯದು ಹೂವಿನ ತೋಟ. ಬೆಳಗ್ಗೆ ಹೂ ಬಿಡಿಸಿ, ವಿಜಾಪುರದ ಬಸ್ಸಿಗೆ ಬುಟ್ಟಿ ಏರಿಸಿ, ಆಮೇಲೆ ಸಾಲೆಗೆ ಬರುವಳು. ಎರಡನೆಯ ಪಾಠದ ಗಂಟೆ ಹೊಡೆಯುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವಳು. ಅವಳು ಹಾದುಹೋದರೆ ಆ ಕಹಿ ವಾಸನೆ. ಬೆರಳ ತುದಿಗಳು ಕಂದು ಹಸಿರು. ಇಂಗ್ಲಿಷಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಒಂದು ದಿನ ನಾನು ಗುಲಾಬಿ, ಕಮಲ ಮುಗಿಸಿ ಉಸಿರು ಬಿಡುತ್ತಿದ್ದಾಗ ಎದ್ದು ನಿಂತಳು.

"ಅಕ್ಕೋರ, ಶಾವಂತಿಗಿಗೆ ಇಂಗ್ಲೀಷಿನ್ಯಾಗ ಏನಂತಾರ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನಾಲಗೆ ಏಳಲಿಲ್ಲ. ಪಾಠದಲ್ಲಿ ಇಲ್ಲದ್ದು ಕೇಳಬೇಡ, ಮೊದಲು ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿ ಎಂದು ಗದರಿ ಕೂರಿಸಿದೆ. ಅವಳು ತಲೆ ತಗ್ಗಿಸಿ ಕೂತಳು. ಆ ಹುಡುಗಿಗೆ ನಾನು ಮಾಡಿದ್ದು ಅನ್ಯಾಯ ಎಂದು ಸಂಜೆ ಅನ್ನಕ್ಕೆ ಕೂತಾಗ ಅನ್ನಿಸಿತು. ಮರುದಿನ ತರಗತಿಯ ಎದುರಿಗೇ ಹೇಳಿಬಿಟ್ಟೆ: ಜೈನಬ ಕೇಳಿದ್ದು ನನಗೆ ಗೊತ್ತಿಲ್ಲ, ಶನಿವಾರ ಎಲ್ಲರೂ ಅವಳ ತೋಟಕ್ಕೆ ಹೋಗೋಣ, ಅಲ್ಲಿ ಏನೇನು ಇದೆ ನೋಡಿ ಎಲ್ಲದಕ್ಕೂ ಇಂಗ್ಲಿಷ್ ಹುಡುಕೋಣ. ಮಕ್ಕಳಿಗೆ ನನ್ನ ಅಜ್ಞಾನದ ಚಿಂತೆ ಆಗಲಿಲ್ಲ, ಸಾಲೆಯ ಹೊರಗೆ ಹೋಗುವುದೇ ಹಬ್ಬವಾಯಿತು.

ಹೆಡ್‌ಮಾಸ್ತರರು ಒಪ್ಪಲಿಕ್ಕೆ ಎರಡು ದಿನ ಹಿಡಿಯಿತು. ದಸರೆಯ ಮುಂಚಿನ ಆ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಇಪ್ಪತ್ತುನಾಲ್ಕು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೊರಟೆ. ಎರಡೂ ಬದಿಗೆ ಜೋಳದ ಹೊಲ, ಮೊಣಕಾಲ ಮಟ್ಟ. ಎರೆಮಣ್ಣು ಇನ್ನೂ ಹಸಿ, ಚಪ್ಪಲಿಗೆ ಅಂಟಿ ಅಂಟಿ ಒಂದೊಂದು ಕಾಲೂ ಸೇರಿನ ತೂಕವಾಗುತ್ತಿತ್ತು. ಕಪ್ಪು ನೆಲದ ನಡುವೆ ಒಮ್ಮೆಲೇ ಹಳದಿ. ಹಳದಿ ಶಾವಂತಿಗೆ, ಅದರಾಚೆ ಬಿಳಿಯದು, ಬಾವಿಯ ಸುತ್ತ ಗುಲಾಬಿ, ಒಡ್ಡಿನ ಉದ್ದಕ್ಕೂ ಚೆಂಡು ಹೂವು. ಮಕ್ಕಳು ಹೋ ಎಂದರು. ವಿಜಾಪುರದ ಪ್ಯಾಟೆಯಲ್ಲಿ ಮಾಲೆಯಾಗಿ ಮಾತ್ರ ನೋಡಿದ್ದ ನಾನೂ ಹೋ ಎಂದೆನೇನೋ.

ಹುಸೇನಬಿ ಅರವತ್ತು ದಾಟಿದವಳು. ಒಣಗಿದ ಗಟ್ಟಿ ಮೈ, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ, ಸೊಂಟಕ್ಕೆ ಹೂವಿನ ಚೀಲ ಕಟ್ಟಿಕೊಂಡು ಸಾಲಿನ ನಡುವೆ ಇದ್ದಳು. ಬರ್ರಿ ಅಕ್ಕೋರ ಎಂದು ಕರೆದು ಮಕ್ಕಳಿಗೆಲ್ಲ ನೀರು ಕೊಡಿಸಿದಳು. ನಾನು ಸಾಲೆಯಿಂದ ತಂದ ರೂಲು ಕಟ್ಟಿಗೆ ಹಿಡಿದು ಶುರು ಹಚ್ಚಿಕೊಂಡೆ. ಕಟ್ಟಿಗೆಯಿಂದ ಒಂದು ಮೊಗ್ಗನ್ನು ತೋರಿಸಿ ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಬಡ್ ಎಂಬ ಮಾತು ನನಗೆ ಹೇಗೋ ಗೊತ್ತಿತ್ತು, ಅದನ್ನು ಹೇಳಿಕೊಟ್ಟು, ಎಲ್ಲರೂ ತೋರಿಸಿ ಹೇಳಿ ಎಂದೆ. ಇಪ್ಪತ್ತುನಾಲ್ಕು ಬೆರಳು ಚಾಚಿಕೊಂಡವು. ಬಡ್, ಬಡ್, ಬಡ್. ಎಳೆಯ ಮೊಗ್ಗಿನ ಸಾಲಿಗೆ ಸಾಲೇ ಬೆರಳು.

ಹುಸೇನಬಿ ಚೀಲ ಬಿಚ್ಚಿ ನೆಲಕ್ಕಿಟ್ಟು ಬಂದಳು. ದನಿ ಏರಿಸಲಿಲ್ಲ, ಆದರೆ ಮುಖ ಕೆಂಪಗಾಗಿತ್ತು.

"ಕೈ ತಗೀರಿ. ಎಳೀ ಮೊಗ್ಗಿಗೆ ಬಟ್ಟ ಮಾಡಿ ತೋರಿಸಿದ್ರ ಕೊಳತ ಹೊಕ್ಕಾವ. ಸಾಲಿ ಕಲತವರು, ಇಷ್ಟೂ ತಿಳೀದೇನ್ರಿ ನಿಮಗ? ಹಬ್ಬದ ಹೂವಿವು. ನಡೀರಿ ಎಲ್ಲಾರೂ ಒಡ್ಡಿನ ಮ್ಯಾಲ."

ಮಿಡಿಗೆ, ಮೊಗ್ಗಿಗೆ ಬೆರಳು ತೋರಿಸಬಾರದು ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಕುಂಬಳದ ಮಿಡಿ ತೋರಿಸುವುದಾದರೆ ಬೆರಳು ಮಡಿಚಿ ಗೆಣ್ಣಿನಿಂದ ತೋರಿಸಬೇಕು. ಹಳ್ಳಿಯ ಮಕ್ಕಳಿಗಂತೂ ಅದು ಹುಟ್ಟಿನಿಂದ ಗೊತ್ತು. ನಾನು ಹೇಳಿದೆನೆಂದು ಚಾಚಿದ್ದರು. ಪಟ್ಟಣದ ಅಕ್ಕೋರ ಇಂಗ್ಲಿಷಿನಲ್ಲಿ ಹೇಳಿದರೆ ಮೊಗ್ಗು ಕೊಳೆಯುವುದಿಲ್ಲ ಎಂದುಕೊಂಡಿದ್ದರೇನೋ. ಒಡ್ಡಿನ ಮೇಲೆ ತಪ್ಪು ಮಾಡಿದವರಂತೆ ನಿಂತೆವು. ಜೈನಬಳ ಕಣ್ಣಲ್ಲಿ ನೀರು ಬಂತು. ನಾನು ಹುಸೇನಬಿಯ ಹತ್ತಿರ ಹೋಗಿ ತಪ್ಪಾಯಿತು ಅಮ್ಮಾ ಎಂದೆ. ಮಕ್ಕಳ ತಪ್ಪಲ್ಲ, ನನ್ನದು. ಇವರಿಗೆ ಮಾತು ಕಲಿಸದಿದ್ದರೆ ನನ್ನ ನೌಕರಿ ಉಳಿಯುವುದಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅವಳೊಬ್ಬಳಿಗೇ.

ಅವಳು ಒಂದು ಖಾಲಿ ಬುಟ್ಟಿ ಎತ್ತಿ ನನ್ನ ಕಡೆ ಚಾಚಿದಳು.

"ಮಾತ ಕಲೀಬೇಕಂದ್ರ ಬಟ್ಟ ಯಾಕ್ರಿ ಬೇಕು? ಬುಟ್ಟಿ ಹಿಡೀರಿ. ಏನ ಮಾಡ್ತೀರಿ ಅದನ್ನ ಹೇಳ್ಕೋತ ಮಾಡ್ರಿ. ನಮ್ಮ ಕೂಸಗೊಳ ಹಂಗ ಅಲ್ಲೇನ್ರಿ ಮಾತ ಕಲೀತಾವ?"

ಹಾಗೆ ಇಪ್ಪತ್ತುನಾಲ್ಕು ಮಕ್ಕಳು ಸಾಲಿಗಿಳಿದರು. ಅರಳಿದ್ದನ್ನಷ್ಟೇ ಬಿಡಿಸಬೇಕು, ತೊಟ್ಟು ಉದ್ದ ಬಿಡಬಾರದು, ಹೂವಿನ ಮೇಲೆ ಹೂವು ಒತ್ತಬಾರದು. ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ. ಹತ್ತು ನಿಮಿಷಕ್ಕೆ ಪ್ರಶ್ನೆಗಳ ಮಳೆ ಶುರುವಾಯಿತು. ಅಕ್ಕೋರ, ಬಿಡಿಸೋದಕ್ಕ ಏನಂತಾರ್ರಿ? ಇಬ್ಬನಿಗೆ? ಹೂವಿನ ಪಕಳಿಗೆ? ತೊಟ್ಟಿಗೆ? ಬಾಡೋದಕ್ಕ? ಕಸ ಕೀಳೋದಕ್ಕ? ಬುಟ್ಟಿ ಗೊತ್ತಿತ್ತು, ಬಾವಿ ಗೊತ್ತಿತ್ತು, ಹಗ್ಗ, ನೀರು, ಎಲೆ, ಮುಳ್ಳು ಗೊತ್ತಿದ್ದವು. ಮಿಕ್ಕಿದ್ದೆಲ್ಲ ನೋಟ್‌ಬುಕ್ಕಿಗೆ ಹೋಯಿತು. ಬಿಸಿಲೇರುವ ಹೊತ್ತಿಗೆ ನೋಟ್‌ಬುಕ್ಕಿನ ಒಂದು ಪುಟ ತುಂಬಿ ಮಗ್ಗುಲಿಗೆ ಹೊರಳಿತ್ತು. ಹುಸೇನಬಿ ಬುಟ್ಟಿಗಳ ಮೇಲೆ ಹಸಿ ಗೋಣಿತಟ್ಟು ಹೊಚ್ಚುತ್ತ, ಅಕ್ಕೋರಿಗೂ ಬರೂದಿಲ್ಲೇನು ಎಂದು ಕೇಳಿ ಬಾಯಿ ತುಂಬ ನಕ್ಕಳು. ಮಕ್ಕಳೂ ನಕ್ಕರು. ಮೂರು ತಿಂಗಳಿನಲ್ಲಿ ಆ ಮಕ್ಕಳು ನನ್ನ ಎದುರು ನಕ್ಕಿದ್ದು ಅದೇ ಮೊದಲು.

ಅಂದು ಮಧ್ಯಾಹ್ನದ ಬಸ್ಸಿನಲ್ಲಿ ನಾನು ಹೂವಿನ ಬುಟ್ಟಿಗಳ ಜೊತೆಗೇ ವಿಜಾಪುರಕ್ಕೆ ಬಂದೆ. ಮನೆಯಲ್ಲಿ ಡಿಕ್ಷನರಿ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯ ದಸ್ತಗೀರ ಕಾಕಾ. ಗೋಳಗುಮ್ಮಟ ನೋಡಲು ಬಂದ ಪರದೇಶದವರಿಗೆ ಇತಿಹಾಸ ಹೇಳಿ ಹೊಟ್ಟೆ ಹೊರೆಯುವ ಮನುಷ್ಯ. ಸಾಲೆ ಕಲಿತದ್ದು ಎರಡನೆಯ ಇಯತ್ತೆ. ಇಂಗ್ಲಿಷು ಮಾತ್ರ ನೀರು ಕುಡಿದಂತೆ. ಆ ಇಂಗ್ಲಿಷನ್ನು ನಾವು ಓದಿದವರು ಒಳಗೊಳಗೇ ಹಗುರವಾಗಿ ನೋಡುತ್ತಿದ್ದೆವು, ವ್ಯಾಕರಣವಿಲ್ಲ ಎಂದು. ಅಂದು ವ್ಯಾಕರಣ ಬದಿಗಿಟ್ಟು ಅವನ ಮುಂದೆ ನೋಟ್‌ಬುಕ್ ಬಿಚ್ಚಿದೆ.

ಅರ್ಧ ಮಾತು ಅವನು ಕೂತಲ್ಲೇ ಹೇಳಿದ. ಬಿಡಿಸುವುದು ಪಿಕ್, ಇಬ್ಬನಿ ಡ್ಯೂ, ಬಾಡಿದ್ದಕ್ಕೆ ಡ್ರೈ ಅಂದರೂ ಸಾಗುತ್ತದೆ, ಗುಮ್ಮಟದ ಅಂಗಳದಲ್ಲಿ ಮಾಲಿಗಳು ಕೀಳುವ ಕಸಕ್ಕೆ ಒಬ್ಬ ಮೇಮಸಾಬ ವೀಡ್ ಅಂದಿದ್ದಳು. ಉಳಿದ ಅರ್ಧಕ್ಕೆ, ನಾಳೆ ಬಾ ಎಂದ. ಭಾನುವಾರ ಬೆಳಗ್ಗೆ ಗುಮ್ಮಟದ ಮೆಟ್ಟಿಲ ಮೇಲೆ ನನ್ನನ್ನು ಒಬ್ಬ ಬಿಳಿ ಕೂದಲಿನ ಪರದೇಶದ ಹೆಂಗಸಿನ ಮುಂದೆ ನಿಲ್ಲಿಸಿದ. ನಮ್ಮ ಹುಡುಗಿ ಟೀಚರ್ ಅದಾಳ, ಹೂವಿನ ಮಾತ ಬೇಕಂತ ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದ. ಗೈಡಿನಲ್ಲಿ ಓದಿದ ದೊಡ್ಡ ಮಾತುಗಳೆಲ್ಲ ಓಡಿಹೋದವು. ನಾನು ಕೈಯಿಂದಲೇ ಹೂ ಬಿಡಿಸಿ, ಎಸಳು ಕಿತ್ತು, ದಾರ ಪೋಣಿಸಿ ತೋರಿಸಿದೆ. ಆಕೆಗೆ ಖುಷಿಯಾಯಿತು. ತನಗೂ ಊರಲ್ಲಿ ತೋಟವಿದೆ ಎಂದಳು, ಅಷ್ಟು ನನಗೆ ತಿಳಿಯಿತು. ನನ್ನ ನೋಟ್‌ಬುಕ್ ಇಸಿದುಕೊಂಡು ಮೆಟ್ಟಿಲ ಮೇಲೇ ಕೂತು ಪೂರ್ತಿ ಒಂದು ಗಿಡ ಬರೆದಳು. ಬೇರಿನಿಂದ ಎಸಳಿನವರೆಗೆ ಒಂದೊಂದಕ್ಕೂ ಗೆರೆ ಎಳೆದು ಹೆಸರು. ಎಲ್ಲಕ್ಕಿಂತ ಮೇಲೆ ಗಿಡದ ಹೆಸರು: ಕ್ರಿಸ್ಯಾಂಥಿಮಮ್. ಹತ್ತು ಸಲ ಹೇಳಿಸಿದಳು. ಕಾಕಾ ದೂರ ನಿಂತು ನಾನು ತಡವರಿಸಿದಾಗಲೆಲ್ಲ ತುಟಿ ಆಡಿಸಿ ನೆರವಾಗುತ್ತಿದ್ದ.

ಮುಂದಿನ ಐದಾರು ವಾರಗಳಷ್ಟು ಸುಖದಿಂದ ನಾನು ಎಂದೂ ಪಾಠ ಮಾಡಿಲ್ಲ. ಪ್ರತಿ ಶನಿವಾರ ತೋಟ. ಮಿಕ್ಕ ದಿನ ಆ ವಾರದ ಮಾತುಗಳನ್ನು ತರಗತಿಯಲ್ಲಿ ಮತ್ತೆ ಮಾಡಿ ತೋರಿಸುವುದು. ತೋಟದ ಕಾನೂನು ಹುಸೇನಬಿಯದು: ಬೆರಳು ಚಾಚುವಂತಿಲ್ಲ, ಸುಮ್ಮನೆ ಹೇಳುವಂತಿಲ್ಲ, ಕೈ ಮಾಡುತ್ತಿರುವುದನ್ನೇ ಬಾಯಿ ಹೇಳಬೇಕು. ಐ ಪಿಕ್ ದ ಫ್ಲವರ್. ಐ ಲೀವ್ ದ ಬಡ್. ಐ ಪುಲ್ ದ ವೀಡ್. ಐ ಟೈ ದ ಬಾಸ್ಕೆಟ್. ಡೀಸೆಲ್ ಇಂಜಿನ್ನು ಚಾಲೂ ಆಗಿ ನೀರು ಕಾಲುವೆಗೆ ಬಿದ್ದರೆ ಇಪ್ಪತ್ತುನಾಲ್ಕು ಮಕ್ಕಳು ವಾಟರ್ ಈಸ್ ಕಮಿಂಗ್ ಎಂದು ಕೂಗಿ, ಸಾಲಿಂದ ಸಾಲಿಗೆ ಮಣ್ಣು ಸರಿಸುತ್ತ ಓಡುತ್ತಿದ್ದರು. ಕ್ರಿಸ್ಯಾಂಥಿಮಮ್ ಎಂಬ ಹೆಸರನ್ನು ಎಲ್ಲರಿಗಿಂತ ಮೊದಲು ಸರಿಯಾಗಿ ಹೇಳಿದ್ದು ಜೈನಬ. ಅವಳ ಅಜ್ಜಿ ಕೇಳಿ, ಇಷ್ಟ ಉದ್ದನ್ನ ಹೆಸರ ಹೇಳೂದ್ರಾಗ ಹೂವ ಬಾಡ್ತೈತಿ ಎಂದಳು. ಹಾಗೆಂದವಳೇ ದೀಪಾವಳಿಯ ಮುಂಚಿನ ವಾರ, ಘೋಣಸಗಿಯಿಂದ ಹೂ ಕೊಳ್ಳಲು ಬಂದವನೊಬ್ಬ ಮೊಗ್ಗಿಗೆ ಬೆರಳು ಚಾಚಿದಾಗ ನೋ ಫಿಂಗರ್ ಎಂದು ಗದರಿದಳು. ಆ ಮನುಷ್ಯ ಹೆದರಿ ಕೈ ಕಿಸೆಗೆ ಇಟ್ಟುಕೊಂಡ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ದೀಪಾವಳಿಗೆಂದು ಬಿಡಿಸಿದ ಮೊದಲ ಹೂವನ್ನು ಹುಸೇನಬಿ ಮಾರುತ್ತಿರಲಿಲ್ಲ. ಒಂದು ಬುಟ್ಟಿ ದರ್ಗಾಕ್ಕೆ, ಒಂದು ಬುಟ್ಟಿ ಬಸವಣ್ಣನ ಗುಡಿಗೆ. ಆ ವರ್ಷ ಮೂರನೆಯದೊಂದು ಸಣ್ಣ ಬುಟ್ಟಿ ಸಾಲೆಗೆ ಬಂತು. ಅದನ್ನು ಹೊತ್ತು ತಂದ ಜೈನಬ ಅಂದು ಮೊದಲ ಗಂಟೆಗೇ ಬಂದಿದ್ದಳು.

ದೀಪಾವಳಿ ಮುಗಿದು ಎರಡನೆಯ ವಾರ, ಒಂದು ಶುಕ್ರವಾರ, ಸಾಹೇಬರು ಬಂದರು. ಅದೇ ಬಿಳಿ ಶರ್ಟು, ಅವೇ ಎರಡು ಪೆನ್ನು. ಪಾಠ ಒಪ್ಪಿಸುವುದು ಬೇಡ ಎಂದು ಮೊದಲೇ ಹೇಳಿದರು. ಅತ್ತಿತ್ತ ನೋಡಿ, ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲಿದ್ದ ಗುಲಾಬಿಯ ಕುಂಡವನ್ನು ಸಾಲೆಯ ಸಿಪಾಯಿಯಿಂದ ತರಿಸಿ ಮೇಜಿನ ಮೇಲೆ ಇಡಿಸಿದರು. ನನ್ನ ಎದೆ ಹಗುರಾಯಿತು. ಇದೆಲ್ಲ ನಮ್ಮ ಮಕ್ಕಳಿಗೆ ಬಾಯಲ್ಲೇ ಇದೆ. ಸಾಹೇಬರು ಮುಂದಿನ ಸಾಲಿನ ಹುಡುಗನನ್ನು ಎಬ್ಬಿಸಿ, ಪಾಯಿಂಟ್ ಟು ದ ಬಡ್ ಎಂದರು.

ಹುಡುಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಎರಡನೆಯವನನ್ನು ಕೇಳಿದರು, ಅವನೂ ಹಾಗೇ ಮಾಡಿದ. ಮೂರನೆಯವಳು ಲಂಗದಲ್ಲಿ ಕೈ ಅಡಗಿಸಿದಳು. ಸಾಹೇಬರು ದನಿ ಎತ್ತರಿಸಿ ಇಡೀ ತರಗತಿಗೆ ಕೇಳಿದರು. ತೋಟದಲ್ಲಿ ಬಿಡುವಿಲ್ಲದೆ ಆಡುತ್ತಿದ್ದ ಕೈಗಳೆಲ್ಲ ಬೆನ್ನ ಹಿಂದೆ, ಮಡಿಲಲ್ಲಿ ಅಡಗಿದವು. ಏಕೆ ಎಂದು ನನಗೆ ಗೊತ್ತು. ಆದರೆ ತಪಾಸಣೆಯ ಹೊತ್ತಿನಲ್ಲಿ ಶಿಕ್ಷಕಿ ಬಾಯಿ ಹಾಕುವಂತಿಲ್ಲ. ಸಾಹೇಬರು ಕಿಸೆಯಿಂದ ಪೆನ್ನು ತೆಗೆದರು. ಹೆಡ್‌ಮಾಸ್ತರರು ನನ್ನನ್ನು ನೋಡಿ, ಮುಗೀತು ಎನ್ನುವಂತೆ ಕಣ್ಣು ಮುಚ್ಚಿದರು.

ಹಿಂದಿನ ಸಾಲಿನಿಂದ ಜೈನಬ ಎದ್ದಳು. ಕೇಳದೆ ಎದ್ದವಳು, ಕೇಳದೆ ಮೇಜಿನ ಹತ್ತಿರ ಬಂದಳು.

"ಸರ್, ವಿ ಡು ನಾಟ್ ಪಾಯಿಂಟ್ ಟು ಬಡ್. ಬಡ್ ವಿಲ್ ರಾಟ್. ಐ ವಿಲ್ ಶೋ ಲೈಕ್ ದಿಸ್."

ಬೆರಳು ಮಡಿಚಿ ಗೆಣ್ಣಿನಿಂದ ತೋರಿಸಿದಳು. ದಿಸ್ ಈಸ್ ಬಡ್. ದಿಸ್ ಈಸ್ ಥಾರ್ನ್. ದಿಸ್ ಲೀಫ್ ಈಸ್ ಡ್ರೈ, ಐ ಕಟ್ ಇಟ್ ಎನ್ನುತ್ತ ಉಗುರಿನಿಂದ ಒಣಗಿದ ಎಲೆ ಚಿವುಟಿ ಹಾಕಿದಳು. ಕುಂಡದ ಮಣ್ಣನ್ನು ಮುಟ್ಟಿ ನೋಡಿದಳು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, ಸರ್, ಸಾಯಿಲ್ ಈಸ್ ಡ್ರೈ, ಗಿವ್ ವಾಟರ್ ಎಂದಳು. ಇಂಗ್ಲಿಷಿಗೆ ಕೈ ಮುಗಿಯುತ್ತಿದ್ದ ಹೆಡ್‌ಮಾಸ್ತರರಿಗೂ ಅದು ತಿಳಿಯಿತು. ತಂಬಿಗೆ ತರಲು ತಾವೇ ಎದ್ದರು.

ಸಾಹೇಬರು ಪೆನ್ನನ್ನು ಮೇಜಿನ ಮೇಲಿಟ್ಟರು. ಅವರೂ ನಮ್ಮ ಸೀಮೆಯವರೇ. ಅಂದಿನವರೆಗೆ ಅವರ ಬಾಯಿಂದ ಕೇಳದಿದ್ದ ಮನೆಯ ಮಾತು ಹೊರಬಂತು.

"ಸೌತಿ ಮಿಡಿಗೆ ಬಟ್ಟ ತೋರಿಸಿದೆ ಅಂತ ನಮ್ಮವ್ವ ನನ್ನ ಕೈಮ್ಯಾಲ ಹೊಡದಿದ್ಲು. ಮರತ ಬಿಟ್ಟಿದ್ದೆ ನೋಡ್ರಿ."

ಆಮೇಲೆ ಅವರೇ ಬೆರಳು ಮಡಿಚಿಕೊಂಡು ಕೇಳತೊಡಗಿದರು. ಮಕ್ಕಳು ಬಿಟ್ಟರೇ? ಒಬ್ಬ ನೀರು ಬಿಟ್ಟ, ಒಬ್ಬಳು ಕಸ ಕಿತ್ತಳು, ಇಬ್ಬರು ಕೂಡಿ ಇಲ್ಲದ ಬುಟ್ಟಿಗೆ ಇಲ್ಲದ ಗೋಣಿತಟ್ಟು ಕಟ್ಟಿ ಇಲ್ಲದ ಬಸ್ಸಿನ ಮೇಲೆ ಏರಿಸಿದರು. ಎಲ್ಲ ಇಂಗ್ಲಿಷಿನಲ್ಲೇ, ತಪ್ಪುಗಳಿದ್ದವು, ಆದರೆ ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. ನನ್ನ ಮಕ್ಕಳು ಅವರು. ಆ ಹೊತ್ತಿನ ಹೆಮ್ಮೆಯನ್ನು ನಾನು ಇಂದಿಗೂ ಮುಚ್ಚಿಡುವುದಿಲ್ಲ.

ಕೊನೆಗೆ ಸಾಹೇಬರು ಕೇಳಿದರು, ಇಷ್ಟು ಮಾತು ಇವರಿಗೆ ಯಾರು ಕಲಿಸಿದರು ಎಂದು. ನಮ್ಮ ಅಕ್ಕೋರ ರಿ ಎಂದು ಹೆಡ್‌ಮಾಸ್ತರರು ಕೂಡಲೇ ಹೇಳಿದರು. ಮುಖದ ತುಂಬ ಗೆಲುವು. ನಾನು ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ಹಂಗಾಮಿ ಎನ್ನುವ ಮಾತು ಅಲ್ಲಿಗೆ ಹೋಗುತ್ತಿತ್ತು. ಇಂಗ್ಲಿಷ್ ಶಿಕ್ಷಕಿಗೇ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಯಾವ ಸಾಹೇಬರ ಮುಂದೆ ಯಾರು ಹೇಳಿಕೊಳ್ಳುತ್ತಾರೆ? ಆದರೆ ಜೈನಬ ಇನ್ನೂ ಮೇಜಿನ ಹತ್ತಿರವೇ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಅವಳನ್ನು ಒಮ್ಮೆ ಸುಳ್ಳೇ ಗದರಿಸಿ ಕೂರಿಸಿದವಳು ನಾನು.

"ನಾ ಒಬ್ಬಾಕಿನೇ ಅಲ್ರಿ. ಈ ಮಾತ ನನಗೂ ಬರ್ತಿರಲಿಲ್ಲ. ಈ ಹುಡುಗಿ ಅಜ್ಜಿ ಹುಸೇನಬಿ ಅಂತ, ಹೂವಿನ ತ್ವಾಟ ಐತಿ ಅವ್ರದು. ಅಲ್ಲಿ ಕೆಲಸ ಮಾಡ್ಕೋತ ಕಲತೇವಿ, ಮಕ್ಕಳೂ, ನಾನೂ. ಹೆಂಗ ಕಲೀಬೇಕು ಅನ್ನೂದು ಅವ್ರು ಕಲಿಸಿದ್ರು."

ಹೆಡ್‌ಮಾಸ್ತರರ ಮುಖ ಇಳಿಯಿತು. ಸಾಹೇಬರು ಹುಸೇನಬಿಯ ಪೂರ್ತಿ ಹೆಸರು ಕೇಳಿಕೊಂಡು ಭೇಟಿ ಪುಸ್ತಕ ತೆರೆದು ಬಹಳ ಹೊತ್ತು ಬರೆದರು. ಮುಚ್ಚಿಟ್ಟು, ಚಹಾ ಕುಡಿದು, ಕನಮಡಿಯ ಸಾಲೆಗೆ ಹೋಗಬೇಕೆಂದು ಹೊರಟುಹೋದರು. ಅವರ ಜೀಪಿನ ಸಪ್ಪಳ ದೂರಾಗುವ ತನಕ ಪುಸ್ತಕ ತೆರೆಯುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಆಮೇಲೆ ಹೆಡ್‌ಮಾಸ್ತರರು ಅದನ್ನು ನನ್ನ ಕಡೆ ಸರಿಸಿ, ನೀವೇ ಓದಿರಿ, ನನಗೆ ಆ ಅಕ್ಷರ ಹತ್ತೂದಿಲ್ಲ ಎಂದರು.

ಇಂಗ್ಲಿಷಿನಲ್ಲಿ ಆರು ಸಾಲು. ಈ ಸಾಲೆಯ ಮಕ್ಕಳು ತಮ್ಮ ಕೆಲಸದ ಇಂಗ್ಲಿಷನ್ನು ಮಾತಾಡುತ್ತಾರೆ. ಶ್ರೀಮತಿ ಹುಸೇನಬಿ ಅವರ ಹೂವಿನ ತೋಟದಲ್ಲಿ, ಅವರಿಂದ ಮತ್ತು ತಮ್ಮ ಜೊತೆಗೇ ಕಲಿತ ಶಿಕ್ಷಕಿಯಿಂದ ಇದನ್ನು ಕಲಿತಿದ್ದಾರೆ. ಇಂಥ ಶಿಕ್ಷಕಿಯನ್ನು ಇಲ್ಲಿಂದ ಕದಲಿಸಬಾರದು. ಓದಿ ಮುಗಿಸಿ ನಾನು ಅತ್ತೆ, ಹೆಡ್‌ಮಾಸ್ತರರ ಎದುರಿಗೇ. ಅವರು ಗುಲಾಬಿಗೆ ಇನ್ನೊಂದು ತಂಬಿಗೆ ನೀರು ಹಾಕಲು ಎದ್ದು ಹೋದರು.

ಪುಸ್ತಕ ಸಾಲೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ಆರೂ ಸಾಲನ್ನು ಒಂದು ಕಾಗದದಲ್ಲಿ ದುಂಡಗೆ ಇಳಿಸಿಕೊಂಡು ಮರುದಿನ ಬೆಳಗ್ಗೆ ಮಕ್ಕಳ ಜೊತೆ ತೋಟಕ್ಕೆ ಹೋದೆ. ಹುಸೇನಬಿ ಬಾವಿಯ ಹತ್ತಿರ ಬುಟ್ಟಿಗಳಿಗೆ ಹಗ್ಗ ಬಿಗಿಯುತ್ತಿದ್ದಳು. ನಾನು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ನನ್ನ ನೌಕರಿ ಉಳಿಯಿತು ಅಮ್ಮಾ ಎಂದೆ. ಚಲೋ ಆತು ಎಂದಳು, ಹಗ್ಗ ಬಿಗಿಯುತ್ತಲೇ. ಆಮೇಲೆ ಕೈ ನಿಂತಿತು.

"ಏನಂದ್ರಿ, ನನ್ನ ಹೆಸರ ಐತೇನ್ರಿ ಅದರಾಗ?"

ಇದೆ ಎಂದೆ. ನಿಮ್ಮದೇ ಮೊದಲು, ನನ್ನದು ಆಮೇಲೆ.

"ಹೊಲದ ಕಾಗದ, ಉತಾರ, ನಮ್ಮ ಮನೀಯವ್ರ ಹೆಸರಿಲೆ ಇತ್ತು. ಅವ್ರು ಹ್ವಾದ ಮ್ಯಾಲ ಮಗನ ಹೆಸರಿಗೆ ಬಂತು. ನಲವತ್ತ ವರ್ಷ ಆತು ಇದರಾಗ ದುಡದು, ನನ್ನ ಹೆಸರ ಯಾವ ಕಾಗದದಾಗೂ ಬಂದಿದ್ದಿಲ್ಲ. ಅಷ್ಟ ಓದ್ರಿ."

ಓದಿದೆ. ಇನ್ನೊಮ್ಮೆ ಎಂದಳು. ಓದಿದೆ. ಮೂರನೆಯ ಸಲ ಕಾಗದವನ್ನು ಜೈನಬಳ ಕೈಗೆ ಕೊಟ್ಟೆ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅದನ್ನು ಹಿಡಿದಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಇಂಗ್ಲಿಷಿನಲ್ಲಿ ಬರೆದ ತನ್ನ ಅಜ್ಜಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ಸಾಲುಗಳಲ್ಲಿ ಹೂ ಬಿಡಿಸುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು.